ಇನ್ನೂರ ಹನ್ನೆರಡು ಮೆಟ್ಟಿಲು

ನಮ್ಮ ಗುಡ್ಡದ ಏರುಗಾಡಿ ಕೆಟ್ಟು ನಿಂತದ್ದು
ಮಿಯಾರಾಯ್ ಹೊಟ್ಟೆಯಲ್ಲಿದ್ದಾಗ.
‘ಮುಂದಿನ ತಿಂಗಳು ರಿಪೇರಿ’ ಎಂದು ಬರೆದ ಹಲಗೆ
ಬಿಸಿಲಿಗೆ ಬಿಳಿಚಿ, ಕಡೆಗೆ
ಯಾರದೋ ಕೋಳಿಗೂಡಿನ ಬಾಗಿಲಾಯಿತು.

ವಾಲ್ಪರೈಸೊದಲ್ಲಿ ಸಮತಟ್ಟು ಎಂದರೆ ಸಮುದ್ರ ಒಂದೇ.
ಉಳಿದದ್ದೆಲ್ಲ ಮೆಟ್ಟಿಲು.
ಬಂದರಿನ ರಸ್ತೆಯಿಂದ ನಮ್ಮ ಬಾಗಿಲಿಗೆ ಇನ್ನೂರ ಹನ್ನೆರಡು;
ವ್ಲಾದಿಮಿರ್ ಎಣಿಸಿದರೆ ಇನ್ನೂರ ಒಂಬತ್ತು,
ಮುರಿದವನ್ನು ಅವನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಕೂಸು ಹೊತ್ತವಳಿಗೆ ಗೊತ್ತು
ಮುರಿದ ಮೆಟ್ಟಿಲೇ ಎಲ್ಲಕ್ಕಿಂತ ಎತ್ತರ.

ಮೂರು ಕಿಲೋ ಇನ್ನೂರು ಗ್ರಾಂ.
ಮೊದಲ ಸಲ ಹತ್ತಿದಾಗ ಹೊಲಿಗೆ ಇನ್ನೂ ಹಸಿ.
ಐವತ್ತನೆಯ ಮೆಟ್ಟಿಲಲ್ಲಿ ಕುರ್ಚಿ ಹಾಕಿಕೊಂಡು
ದೋನ್ಯಾ ಎದುವಿಹೆಸ್ ಕಾದಿದ್ದಳು.
“ಕೂರು ಮಗಳೇ. ಮಕ್ಕಳು ದಿನಕ್ಕಿಷ್ಟೇ ಇಷ್ಟು ಭಾರವಾಗುವುದು
ತಾಯಿಯ ತೋಳಿಗೆ ರೂಢಿಯಾಗಲಿ ಅಂತ.”
ಸುಳ್ಳು.
ತೋಳಿಗೆ ರೂಢಿಯಾಗುವಷ್ಟರಲ್ಲಿ ಹಲ್ಲು ಬಂತು,
ಹಲ್ಲಿಗೆ ರೂಢಿಯಾಗುವಷ್ಟರಲ್ಲಿ ಹಟ.

ಅವನಿಗೆ ಬಂದರಿನಲ್ಲಿ ಕಂಟೇನರ್ ಬಿಗಿಯುವ ರಾತ್ರಿಪಾಳಿ,
ನನಗೆ ಹೋಟೆಲಿನ ಹಾಸುಹೊದಿಕೆ ಒಗೆಯುವ ಹಗಲುಪಾಳಿ.
ಬೆಳಗಿನ ಮಂಜಿನಲ್ಲಿ ಅವನು ಹತ್ತುತ್ತಾ, ನಾನು ಇಳಿಯುತ್ತಾ
ಎಂಬತ್ತರ ಆಸುಪಾಸಿನಲ್ಲಿ ನಮ್ಮ ಸಂಸಾರ.
ಕೂಸು ಈ ಭುಜದಿಂದ ಆ ಭುಜಕ್ಕೆ.
“ಜ್ವರ ಇಳಿದಿದೆ.”
“ಗ್ಯಾಸಿನವನಿಗೆ ಕೊಡಬೇಕು.”
“ಕೊಟ್ಟೆ.”
ಮುತ್ತು ಕೊಡುವುದಿದ್ದರೆ ಅದೂ ಅಲ್ಲೇ,
ಜಗಳವೂ ಅಲ್ಲೇ, ನಾಯಿಗಳ ಎದುರಿಗೆ;
ಕಿಟಕಿ ತೆರೆದ ಸದ್ದಾದರೆ
ಇಬ್ಬರೂ ಒಟ್ಟಿಗೆ ದನಿ ತಗ್ಗಿಸುತ್ತಿದ್ದೆವು.
ಅಷ್ಟರ ಮಟ್ಟಿಗೆ ಹೊಂದಾಣಿಕೆ.

ಒಂದು ಸಂಜೆ (ಇದನ್ನು ಅವನಿಗೂ ಹೇಳಿಲ್ಲ)
ನೂರ ನಲವತ್ತೊಂದರಲ್ಲಿ ಅವಳನ್ನು ಕೂರಿಸಿ
ಹಾಗೇ ಮೇಲೆ ನಡೆದುಬಿಟ್ಟೆ.
ಒಂದಲ್ಲ ಎರಡಲ್ಲ, ಹನ್ನೊಂದು ಮೆಟ್ಟಿಲು.
ಬೆನ್ನು ತಿರುಗಿಸಿ ಕೂತೆ.
ಕೈಗಳು ಎಷ್ಟು ಹಗುರವಾಗಿದ್ದವೆಂದರೆ
ನಾನು ಹೇಳದೆಯೇ ತುಸು ಮೇಲಕ್ಕೆದ್ದವು.

ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.
ತಿರುಗಿ ನೋಡಿದರೆ, ಬೀದಿನಾಯಿಯ ಕಿವಿ ಹಿಡಿದು
ಅರ್ಧ ಬ್ರೆಡ್ಡನ್ನು ಅದರ ಬಾಯಿಗೆ ತುರುಕುತ್ತಾ
ನನ್ನದೇ ದನಿಯಲ್ಲಿ ಗದರುತ್ತಿದ್ದಳು:
“ತಿನ್ನು. ಬೇಗ. ಅಮ್ಮನಿಗೆ ಸುಸ್ತಾಗಿದೆ.”

ಎಣಿಕೆ ಕಲಿತ ವರ್ಷ
ಇಪ್ಪತ್ತೊಂಬತ್ತಾದ ಮೇಲೆ ಇಪ್ಪತ್ತಹತ್ತು, ಇಪ್ಪತ್ತಹನ್ನೊಂದು…
ಮೂವತ್ತು ಬರುವುದೇ ಇಲ್ಲ ಅವಳ ಲೆಕ್ಕದಲ್ಲಿ.
ನಾನು ತಿದ್ದಿದೆ. ವ್ಲಾದಿಮಿರ್ ತಿದ್ದಲಿಲ್ಲ.
“ಇಪ್ಪತ್ತರೊಳಗೇ ಮನೆ ಸಿಗುತ್ತದೆಂದರೆ
ನಿನ್ನ ಗಂಟೇನು ಹೋಯಿತು?”

ಈ ಚಳಿಗಾಲಕ್ಕೆ ಏರುಗಾಡಿ ಮತ್ತೆ ಓಡಿತು.
ಹಸಿರು ಬಣ್ಣ, ಹೊಸ ತಂತಿಹಗ್ಗ, ಒಂದು ಬ್ಯಾಂಡು,
ಮೈಕು ಹಿಡಿದ ಯಾರೋ.
ಆರು ವರ್ಷದ ಏದುಸಿರು
ಒಂದೂವರೆ ನಿಮಿಷದಲ್ಲಿ ಮುಗಿದುಹೋಯಿತು.
ಗಾಜಿಗೆ ಮೂಗು ಒತ್ತಿ ಮಿಯಾರಾಯ್ ಕೇಳಿದಳು,
“ನಾಯಿಗೆ ಹೇಗೆ ಗೊತ್ತಾಗುತ್ತೆ ನಾವು ಬಂದದ್ದು?”
ಗಾಡಿಯಲ್ಲಿದ್ದವರೆಲ್ಲ ನಕ್ಕರು.
ಅವಳು ನಗಲಿಲ್ಲ.

ನಿನ್ನೆ ನಾದಿನಿಯ ಮದುವೆ ಮುಗಿಸಿ ಬರುವಾಗ ಹನ್ನೊಂದು ದಾಟಿತ್ತು.
ಏರುಗಾಡಿಗೆ ಬೀಗ.
ಇಪ್ಪತ್ತೊಂದು ಕಿಲೋ ನಿದ್ದೆ ನನ್ನ ಹೆಗಲಿಗೆ ಜೋತುಬಿದ್ದು,
ಅವಳ ಕಾಲ್ಬೆರಳು ನನ್ನ ಮಂಡಿಗೆ ತಾಕುತ್ತಾ.
ನೂರ ನಲವತ್ತರ ಹತ್ತಿರ ವ್ಲಾದಿಮಿರ್ ನಿಂತ.
“ಒಂದು ಬೂಟು ಬಿದ್ದಿದೆ. ಅವಳನ್ನು ಇಳಿಸು, ಕೂತಿರು.”
ಮೊಬೈಲ್ ಬೆಳಕು ಹಿಡಿದು ಕೆಳಗೆ ಹೋದ.

ಇಳಿಸಲಿಲ್ಲ ನಾನು.
ಬಂದರಿನ ಕ್ರೇನುಗಳು ಯಾರದೋ ಸಾಮಾನು ಎತ್ತಿ
ಯಾರದೋ ಹಡಗಿಗೆ ಇಡುತ್ತಿದ್ದವು, ಜೋಪಾನವಾಗಿ.
ಕತ್ತಿನ ಹತ್ತಿರ ಬೆಚ್ಚನೆ ಉಸಿರು, ಕೇಕಿನ ವಾಸನೆ.

ಕೆಳಗೆ ಕತ್ತಲಿನಿಂದ ಅವನ ದನಿ:
“ಎಲ್ಲೂ ಕಾಣಿಸ್ತಿಲ್ಲ!”

“ಅವಸರವೇನಿಲ್ಲ, ಹುಡುಕು” ಎಂದೆ.