ಗುರುತಿಲ್ಲದ ಎಪ್ಪತ್ತಮೂರು ಅಡಿ

ಹಾರಿತೋ ಇಲ್ಲವೋ ಎಂದು ಕೇಳುವವರಿಗೆ
ನಾನು ಮೊದಲು ಅಂಟಿನ ಸಂಗತಿ ಹೇಳುತ್ತೇನೆ.
ಕೆನೆ ತೆಗೆದ ಹಾಲು ಒಡೆಸಿ, ಹಿಂಡಿ, ಒಣಗಿಸಿ, ಪುಡಿಮಾಡಿ,
ಮರುವಾಯಿ ಚಿಪ್ಪು ಸುಟ್ಟ ಸುಣ್ಣದಲ್ಲಿ ಕಲಸಿದರೆ
ಮರ ಮರವನ್ನು ಬಿಡುವುದಿಲ್ಲ,
ಮಳೆ ಬರುವವರೆಗೆ.

ಜಕರಿಯಣ್ಣ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ
ಅಚ್ಚಿಗೆ ಮರದ ಮಾದರಿ ಕೆತ್ತುವವನು.
ಹಗಲಿಡೀ ಮಣ್ಣಿನ ಭಾರಕ್ಕೆ ದುಡಿದ ಕೈ
ರಾತ್ರಿ ಲಾಟೀನಿನ ಕೆಳಗೆ ಹಗುರವನ್ನು ಹುಡುಕುತ್ತಿತ್ತು:
ಸಭೆಗೆ ಆರ್ಗನ್ ಬಂದ ಪೆಟ್ಟಿಗೆಯ ಬಿಳಿ ಹಲಗೆ,
ಬೆಂಗ್ರೆಯ ದೋಣಿ ಕಟ್ಟುವವರು ಬಿಸಾಡಿದ ಹೆಬ್ಬಲಸಿನ ಸೀಳು,
ಕಾಫಿ ದೊರೆಯೊಬ್ಬ ಊರು ಬಿಡುವಾಗ ಮಾರಿದ
ಮೋಟಾರು ಸೈಕಲಿನ ಎಂಜಿನು.

ಬಟ್ಟೆ ನನ್ನದು. ನೇಯ್ಗೆ ಕಾರ್ಖಾನೆಯಲ್ಲಿ
ಅಂಚು ಕೆಟ್ಟ ಥಾನು ನಮಗೆ ಅರ್ಧ ದರಕ್ಕೆ ಸಿಗುತ್ತಿತ್ತು.
ರೆಕ್ಕೆಯ ಒಂದೊಂದು ಪಕ್ಕೆಲುಬಿಗೂ
ಎರಡಂಗುಲಕ್ಕೊಂದು ಗಂಟು.
"ಹುಲ್ಡಾ, ನೂಲೂ ತೂಗುತ್ತದೆ" ಎನ್ನುತ್ತಿದ್ದ.
ಗಂಜಿ ಬಳಿದು ಬಿಗಿದೆವು. ಬೆರಳಲ್ಲಿ ಮೀಟಿದರೆ ಚೆಂಡೆಯ ಹಾಗೆ,
ಇಲ್ಲ, ಅಷ್ಟಿಲ್ಲ. ಒಣ ಹಪ್ಪಳದ ಹಾಗೆ.

ಒಬ್ಬರಿಗೇ ಜಾಗ ಅದರಲ್ಲಿ.
ಬಂದರಿನ ತಕ್ಕಡಿಯಲ್ಲಿ ಎಲ್ಲ ತೂಗಿದ:
ಚಕ್ರ, ತಂತಿ, ಸೀಟಿನ ಬೆತ್ತ, ಕೊನೆಗೆ ತನ್ನನ್ನು.
ಬರೆದ, ಅಳಿಸಿದ, ಮತ್ತೆ ಬರೆದ.
ಆಮೇಲೆ ನನ್ನ ಕಡೆ ನೋಡಿದ.
ನಾನು ಎಂಬತ್ತೊಂಬತ್ತು ರಾತಲು, ಸೀರೆ ಸೇರಿ.

ಈಸ್ಟರಿನ ಮರುದಿನ, ತಣ್ಣೀರುಬಾವಿ. ಇಳಿತದ ಹೊತ್ತು.
ಒದ್ದೆ ಮರಳು ಕಾವಿ ನೆಲದ ಹಾಗೆ ಗಟ್ಟಿ.
ಮೀನು ಒಣಹಾಕುತ್ತಿದ್ದ ಹೆಂಗಸರು ಬೆನ್ನೆತ್ತಲಿಲ್ಲ,
ಕಾಗೆಗಳಷ್ಟೇ ಎದ್ದವು.
ಓಡಿಸಿ ನೋಡುವುದು ಮಾತ್ರ, ಎಂದಿದ್ದ.
ಕೋಲು ಎಳೆಯಬೇಡ, ಎಂದಿದ್ದ.
ನಾನು ಎಳೆಯಲಿಲ್ಲ. ಹಿಡಿದುಕೊಂಡೆ,
ಹೆದರಿದವರು ಏನನ್ನಾದರೂ ಹಿಡಿಯುವ ಹಾಗೆ,
ಎದೆಯ ಕಡೆಗೆ.

ಚಕ್ರದ ಗಡಗಡ ನಿಂತಿತು.
ಎಂಜಿನು ಕೂಗುತ್ತಲೇ ಇತ್ತು,
ಆದರೂ ಏನೋ ನಿಂತಿತು.
ನನ್ನ ನೆರಳು ನನ್ನಿಂದ ಬಿಡಿಸಿಕೊಂಡು
ಏಡಿಗಳ ತೂತುಗಳ ಮೇಲೆ ಬೇರೆಯೇ ಓಡುತ್ತಿತ್ತು.

ರೆಕ್ಕೆಯ ತುದಿ ಹಿಡಿದು ಓಡಿ ಬಂದಿದ್ದ ಅವನು
ಅಷ್ಟರಲ್ಲಿ ಮುಗ್ಗರಿಸಿ, ಮರಳಿಗೆ ಮುಖವಿಟ್ಟು ಬಿದ್ದಿದ್ದ.
ನೋಡಲೇ ಇಲ್ಲ.
ಎದ್ದವನು ನನ್ನ ಹತ್ತಿರ ಬರಲಿಲ್ಲ;
ಜೇಬಿನಿಂದ ಅಡಿಕೋಲು ತೆಗೆದು
ಚಕ್ರದ ಗೆರೆ ಎಲ್ಲಿ ಮುಗಿಯಿತು, ಎಲ್ಲಿ ಮತ್ತೆ ಶುರುವಾಯಿತು ಎಂದು
ಮೊಣಕಾಲೂರಿ ಅಳೆಯುತ್ತಾ ಹೋದ.
ಭರತ ತಿರುಗಿ ಅವನ ಹಿಮ್ಮಡಿ ಮುಟ್ಟುತ್ತಿತ್ತು.
"ಎಪ್ಪತ್ತಮೂರು ಅಡಿ, ಗುರುತಿಲ್ಲ" ಎಂದು ಬರೆದುಕೊಂಡ.
ನನ್ನನ್ನು ಕೇಳಿದ್ದು ಒಂದೇ:
"ಎಡಕ್ಕೆ ಎಳೆಯಿತಾ?"
"ಸ್ವಲ್ಪ" ಎಂದೆ.

ಜೂನ್ ತಿಂಗಳಲ್ಲಿ ಅವನ ಕೊಟ್ಟಿಗೆಗೆ ಹೋದರೆ
ಹುಳಿ ಮೊಸರಿನ ವಾಸನೆ.
ಅಂಟು ಮತ್ತೆ ಹಾಲಾಗಲು ಹೊರಟಿತ್ತು,
ಹಲಗೆಗಳು ಒಂದೊಂದಾಗಿ ಕೈಬಿಟ್ಟಿದ್ದವು.
ಬಟ್ಟೆ ಮಾತ್ರ ಆ ಮೂಳೆಗಳನ್ನೆಲ್ಲ ಒಳಗೆ ಹಿಡಿದು
ರೆಕ್ಕೆಯ ಆಕಾರದಲ್ಲೇ ಜೋತಿತ್ತು.
ಬೆರಳಾಡಿಸಿ ಎಣಿಸಿದೆ.
ಒಂದು ಗಂಟೂ ಬಿಚ್ಚಿರಲಿಲ್ಲ.