ಟೇಪಿನ ಮೊದಲ ಅಡಿ

ಇಪ್ಪತ್ತಾರು ವರ್ಷ ಈ ಟೇಪು ಹಿಡಿದು
ಕಂಡವರ ಮನೆಗಳನ್ನು ಅಳೆದೆ.
ಮೊದಲ ಹನ್ನೆರಡು ಇಂಚು ಸವೆದು ಅಂಕಿ ಮಾಸಿವೆ.
ಹನ್ನೆರಡರ ತನಕ ಅಂದಾಜು,
ಆಮೇಲಿನದೆಲ್ಲ ಕರಾರುವಾಕ್ಕು.

ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ
ನನ್ನ ಪಿಕಪ್ಪು ಕಂಡರೆ
ಕಿಟಕಿಯ ಪರದೆ ಒಂದು ಬೆರಳಷ್ಟು ಸರಿಯುತ್ತದೆ.

ಲೊರೆಟ್ಟಾ ಹ್ರಿಟ್ಸ್ಕೊ ಮನೆ ಹಿಂದೆ ಹೊಸ ಮರದ ಜಗಲಿ:
ಹತ್ತಡಿ, ಹದಿನಾಲ್ಕಡಿ.
ಅವಳ ಗಾಲಿಕುರ್ಚಿಗೆ ಬಿಸಿಲು ಸಿಗಲೆಂದು
ತಮ್ಮ ಎರಡು ಭಾನುವಾರ ಕೂತು ಕಟ್ಟಿದ್ದು.
ಬರೆದುಕೊಂಡೆ. ಬಿಸಿಲಿಗೆ ಕಾಲಂ ಇಲ್ಲ.
ವರ್ಷಕ್ಕೆ ಅರವತ್ತೊಂದು ಡಾಲರು ಜಾಸ್ತಿ.
"ಅಷ್ಟರಲ್ಲಿ ಶಾಲೆಗೆ ಏನು ಬರುತ್ತೆ?" ಕೇಳಿದಳು,
ಜಗಳಕ್ಕಲ್ಲ, ನಿಜವಾಗಿ ತಿಳಿಯಲಿಕ್ಕೆ.
ಒಂದು ಗ್ಲೋಬು ಬಂದೀತು. ಸ್ಟ್ಯಾಂಡು ಬಿಟ್ಟು.
ಹೇಳಲಿಲ್ಲ. ಟೇಪು ಸರ್ರನೆ ಒಳಗೆ ಹೋಯಿತು.

ಹೊಳೆಯಾಚೆ ಗುಡ್ಡದ ಮೇಲಿನವರ ಗ್ಯಾರೇಜು
ಇಲ್ಲಿನ ಮನೆಗಿಂತ ದೊಡ್ಡದು.
ಅಲ್ಲಿ ತೆರಿಗೆಯ ದರ ನಮ್ಮದರರ್ಧ,
ಶಾಲೆಯಲ್ಲಿ ಈಜುಕೊಳ, ಎರಡು ಪಿಯಾನೊ.
ಇಲ್ಲಿ ದರ ದುಪ್ಪಟ್ಟು, ಬಂದದ್ದು ಬಕೆಟ್ಟು,
ನಾಲ್ಕನೇ ತರಗತಿಯ ಸೂರು ಸೋರುವಲ್ಲಿಗೆ.
ಈ ಲೆಕ್ಕ ನಾನು ಮಾಡಿದ್ದಲ್ಲ.
ಕೂಡಿದ್ದು ಮಾತ್ರ ನಾನು.

ಗಾಜಿನ ಕಾರ್ಖಾನೆ ಮುಚ್ಚಿದ ವರ್ಷ
ರಿಜಿಸ್ಟರಿನಲ್ಲಿ ಒಂದು ಗೀಟು ಎಳೆದೆ, ಸ್ಕೇಲಿಟ್ಟು, ನೆಟ್ಟಗೆ.
ಆ ಗೀಟಿನಡಿ ಮೊದಲು ಲ್ಯಾಟಿನ್ ಹೋಯಿತು,
ಆಮೇಲೆ ನರ್ಸು,
ಆಮೇಲೆ ಎರಡನೆಯ ಬಸ್ಸು.

ನಿನ್ನೆ ರಾತ್ರಿ ಜಿಮ್ಮಿನಲ್ಲಿ ಸಭೆ,
ಬ್ಯಾಸ್ಕೆಟ್‌ಬಾಲ್ ಬಲೆಯ ಕೆಳಗೆ ಮೈಕು.
ಮನೆಯ ಮೇಲಿನದು ತೆಗೆದುಬಿಡೋಣ,
ಕೊಳ್ಳುವ ಸಾಮಾನಿನ ಮೇಲೆ ಹಾಕೋಣ ಎಂದು ಮಸೂದೆ.
ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ,
ಪರದೆ ಸರಿಯದ ಬೀದಿಯ ಆಸೆಗೆ.

ಆಗ ಎದ್ದಳು ಡೆನೀಶಾ ಪೆಟಿಫೋರ್ಡ್,
ಅಂಗಡಿಯ ನೀಲಿ ಅಂಗಿಯಲ್ಲೇ ಬಂದವಳು:
"ನನ್ನದು ಬಾಡಿಗೆ. ನನ್ನ ಕೂಸಿಗೆ ಡೈಪರು ಬೇಕು.
ಗುಡ್ಡದ ಮೇಲಿನ ಕೂಸಿಗೂ ಬೇಕು.
ಹತ್ತರಷ್ಟು ಸಂಬಳವಿರುವವರ ಕೂಸು
ಹತ್ತರಷ್ಟು ಒದ್ದೆ ಮಾಡುತ್ತದಾ?"
ಜನ ನಕ್ಕರು. ನಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ
ಕುರ್ಚಿಗಳ ನಡುವೆ ಸ್ವಲ್ಪ ಹೊತ್ತು ಓಡಾಡಿತು.

ಆದಾಯದ ಮೇಲೆ ಹಾಕಿ, ಅಂದ ಒಬ್ಬ.
ಯಾವ ಆದಾಯ? ಅಂದ ಅವನ ಹಿಂದೆ ಕೂತವ.
ಆನೆ ಭಾರ ಆನೆಗೆ, ಇರುವೆ ಭಾರ ಇರುವೆಗೆ, ಸರಿಯೇ;
ಆನೆಗಳೆಲ್ಲ ಹೊಳೆ ದಾಟಿ ಗುಡ್ಡ ಹತ್ತಿ
ಸೇತುವೆಯ ಬಾಯಿಗೆ ಬೇಲಿ ಹಾಕಿಕೊಂಡಿದ್ದರೆ?
ಇಡೀ ರಾಜ್ಯಕ್ಕೆ ಒಂದೇ ಚೀಲ, ಅಂದಳು ಲೊರೆಟ್ಟಾ ಕೂತಲ್ಲಿಂದ.
ಮೈಕು ಅವಳ ತನಕ ತಲುಪಲಿಲ್ಲ.
ಹತ್ತಕ್ಕೆ ಜವಾನ ದೀಪ ಆರಿಸಿದ.
ನಿರ್ಧಾರ ನವೆಂಬರಿಗೆ.

ಇವತ್ತು ಬೆಳಗ್ಗೆ ಮಿಲ್ ಬೀದಿಯ ಕೊನೆಯ ಮನೆ.
ಜ್ವರವೆಂದು ಶಾಲೆಗೆ ಹೋಗದ ಹುಡುಗ
ಕಂಬಳಿ ಹೊದ್ದು ಹೊರಗೆ ಬಂದ, ನಾನು ಹಿಡಿಯಲಾ ಅಂದ.
ಟೇಪಿನ ತುದಿ ಕೊಟ್ಟೆ.
ಗೋಡೆಯ ಮೂಲೆಗೆ ಒತ್ತಿ, ಬಗ್ಗಿ,
ಕಣ್ಣು ಕಿರಿದು ಮಾಡಿ ನೋಡಿದ:

"ಇಲ್ಲಿ ನಂಬರೇ ಇಲ್ಲ.
ಇದು ಎಲ್ಲಿಂದ ಶುರು?"