ಹೊಳಿ ನಂಬರು

ಮಹಾಪೂರ ಇಳದ ವರ್ಷ ಮನಿಮನಿಗೆ ಹೋಗಿ
ನಂಬರ ಬರಕೊಂಡಾಕಿ ನಾನು.
ಉದ್ದನ್ನ ರಿಜಿಸ್ಟರು, ಹಸಿ ಗ್ವಾಡಿ ವಾಸನಿ,
ಹೊಸ್ತಿಲಕ್ಕೊಂದು ಮಾತು ಕೊಟ್ಟು ಬಂದ್ನಿ:
"ಹಿಪ್ಪರಗಿ ಗೇಟು ತಗದ್ರ ಅಷ್ಟ ಇದು ಬಡಕೊಳ್ಳತೈತಿ ಯವ್ವಾ,
ಬ್ಯಾರೆ ಯಾವುದಕ್ಕೂ ಅಲ್ಲ."

ಸಾವಿರದ ನೂರಾ ಹನ್ನೆರಡು ನಂಬರು.
ಪಂಚಾಯ್ತಿ ಕಂಪ್ಯೂಟರಿಗೆ ಒಂದೊಂದ ಕುಟ್ಟಿ ಹಾಕಿದ್ನಿ
ಬೆರಳ ತುದಿ ಜೋಮು ಹಿಡಿಯೂತನಕ.
ನಮ್ಮಿಂದ ಬರೂ ನಂಬರಿಗೆ ಜನ ಹೆಸರಿಟ್ರು: ಹೊಳಿ.
ಅಕ್ಕ, ಅಳಿಯ, ಹಿಟ್ಟಿನ ಗಿರಣಿ, ಸೂಜಿ ಡಾಕ್ಟರು,
ಅವರ ಸಾಲಿನ್ಯಾಗ ಹೊಳಿ.

ಮಾರ್ಚದಾಗ ಜಮಖಂಡಿಯಿಂದ ಫೋನ್ ಬಂತು.
"ಒಂದ ಸಾಲು ಕಳಸ್ತೀನಿ, ಎಲ್ಲಾರಿಗೂ ಬಿಡು."
ಸಾಲು ಬಂತು: ಒಡ್ಡು ಕಟ್ಟಿಸಿದ ಕೈಗೆ ನಿಮ್ಮ ಕೈ ಜೋಡಿಸ್ರಿ.
ಕೆಳಗ ಒಂದು ಹೆಸರು. ಅದರ ಕೆಳಗ ಒಂದು ನಗು.
"ಬರದ ಕೊಡ್ರಿ ಸರ" ಅಂದ್ನಿ.
"ಬಾಯಿಮಾತು ಸಾಕು. ನಾಳೆ ನಾಡದ ನೀತಿಸಂಹಿತೆ ಬೀಳತೈತಿ,
ಇವತ್ತ ರಾತ್ರಿನ ಹೋಗಬೇಕು."
ಗುತ್ತಿಗಿ ನೌಕರಿ ನಂದು. ಮಾರ್ಚ್ ಮುಗದ್ರ
ಅದ ಕೈಲೆ ಮತ್ತ ಸಹಿ ಬೀಳಬೇಕು.

ಒತ್ತಿದ್ನಿ.

ಈ ಒಂದ ಶಬ್ದ ಬರಿಯಾಕ ಎರಡು ಮಳಿಗಾಲ ಬೇಕಾತು.

ಹತ್ತೂವರಿಗೆ ಊರಿನ ತಲಿದಿಂಬಿನ ಬುಡಕೆಲ್ಲಾ
ಹೊಳಿ ಬಡಕೊಂತು.
ಸಾವಂತ್ರವ್ವ ಎಮ್ಮಿ ಬಿಚ್ಚಿಕೊಂಡು ಕತ್ತಲದಾಗ ದಿನ್ನಿ ಏರಿದ್ಲು,
ಮ್ಯಾಲ ಒಂದು ಮಾಡ ಇರಲಿಲ್ಲ, ಬರೇ ಚುಕ್ಕಿ.
ಮಕ್ತುಮ ಅರ್ಧ ನೇಯ್ದ ಸೀರಿ ಕತ್ತರಿಸಿ
ಹಾಸಿನ ನೂಲು ಅಟ್ಟಕ್ಕ ಒಗದ.
ದಿನ್ನಿ ಮ್ಯಾಲ ಮೊಮ್ಮಗ ಓದಿ ಹೇಳಿದ,
"ಆಯೀ, ನೀರಿಲ್ಲ. ನಮಸ್ಕಾರ ಐತಿ."

ಮುಂಜಾನೆ ಆಫೀಸಿಗೆ ಬಂದ್ಲು. ಬೈಲಿಲ್ಲ.
ಅಂಗಾಲಾಗ ಜಾಲಿಮುಳ್ಳು ಮುರದಿತ್ತು, ನನ್ನ ಕಡೆ ಪಿನ್ನು ಇಸಕೊಂಡು
ಟೇಬಲ್ ಬಾಜೂಕ ನೆಲಕ್ಕ ಕುಂತು ಕೆದಕಿಕೋತ ಕೇಳಿದ್ಲು:
"ಹೊಳಿ ಯಾಕ ಓಟು ಕೇಳಾಕ ಹತ್ತೈತಿ, ತಂಗಿ?"

ಎರಡು ದಿನಕ್ಕ ನೀತಿಸಂಹಿತೆ ಬಿತ್ತು.
ಮೈದಾ ಅಂಟು ಕುದಿಸಿ, ರದ್ದಿ ಪೇಪರ ಹಚ್ಚಿ
ಬೋರ್ಡಿನ ಮ್ಯಾಲಿನ ನಗು ಮುಚ್ಚಿದ್ವಿ,
ನೀರಿನ ಟ್ಯಾಂಕರು, ಬಸ್‌ಸ್ಟ್ಯಾಂಡು, ಪಾಯಖಾನಿ ಗ್ವಾಡಿ ಸುದ್ದಾ.
ತಾಲೂಕಿನವರು ಬಂದು ಫೋಟೋ ಹೊಡಕೊಂಡ ಹೋದ್ರು.
ಕಿಸೆದಾಗ ಕುಂತ ನಗುವಿಗೆ ಹಚ್ಚೂ ಪೇಪರ
ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಆಗಸ್ಟ್. ಖರೇ ನೀರು.
ಕಳಿಸಿದ್ನಿ. ಮತ್ತೊಮ್ಮೆ ಕಳಿಸಿದ್ನಿ.
ಊರು ಮಗ್ಗಲ ಬದಲಿಸಿ ಮಲಕೊಂತು.
ನಾನು, ನಳದ ನೀರು ಬಿಡೂ ಪರಸಪ್ಪ, ಒಂದು ಹಿತ್ತಾಳಿ ಪರಾತ, ಒಂದು ಸೌಟು,
ಮೊಣಕಾಲ ಮಟ್ಟ ಕೆಂಪು ನೀರಾಗ ಬಾಗಿಲ ಬಾಗಿಲಕ್ಕ.
ಮಂದಿ ಎಲ್ಲಾ ಎದ್ರು.
ಮಕ್ತುಮನ ಕುಣಿಮಗ್ಗ ಏಳಲಿಲ್ಲ.

ಈಗ ರಿಜಿಸ್ಟರಿನ ಮೊದಲ ಹಾಳಿಗೆ ಕೆಂಪು ಮಸಿಲೆ ಬರದೀನಿ:
ನೀರು ಬಂದ್ರ ಅಷ್ಟ. ಬಾಯಿಮಾತು ನಡಿಯೂದಿಲ್ಲ.
ಕೆಳಗ ನನ್ನ ಸಹಿ. ಅದರ ಕಿಮ್ಮತ್ತು ಎಷ್ಟೋ.

ಮೊನ್ನೆ ಪರೀಕ್ಷೆಕ್ಕಂತ ಸಾವಂತ್ರವ್ವನ ಅಂಗಳದಾಗ ನಿಂತು
ಆಕಿ ಫೋನಿಗೆ ಒಂದು ಸಂದೇಶ ಬಿಟ್ನಿ.
ಕಟ್ಟಿ ಮ್ಯಾಲ ಇಟ್ಟಿದ್ಲು, ಬೆಳಗಿತು.
ಮೊಮ್ಮಗ ಹೆಸರು ಬದಲಿ ಮಾಡ್ಯಾನ: ಯಾರೋ.
ಆಕಿ ಅದರ ಕಡೆ ನೋಡಲಿಲ್ಲ,
ಮುಗಲದ ಕಡೆ ನೋಡಿ
ಎಮ್ಮಿ ಹಗ್ಗ ಒಂದ ಗಂಟು ಸಡ್ಲ ಮಾಡಿದ್ಲು.